ಹುಳುಕಡ್ಡಿಗೆ ಯಾವ ಕೋಡ್? ಚರ್ಮದ ಫಂಗಸ್ ಸೋಂಕಿನ ಐಸಿಡಿ ಕೋಡಿಂಗ್, ಹೆಜ್ಜೆ ಹೆಜ್ಜೆಯಾಗಿ

ಕೇಸ್ ಶೀಟಿನಲ್ಲಿ ಡಾಕ್ಟರು 'ಫಂಗಲ್ ಇನ್‌ಫೆಕ್ಷನ್' ಅಂತ ಗೀಚಿ ಸಹಿ ಹಾಕಿದ್ದಾರೆ. ಐಸಿಡಿ ಕೋಡ್, ಅಂದರೆ ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟಿಯ ಸಂಕೇತ, ಹಾಕುವ ಜಾಗ ಖಾಲಿ ಇದೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಸಾಮಾನ್ಯವಾಗಿ ಸಾಫ್ಟ್‌ವೇರಿನಲ್ಲಿ ಫಂಗಲ್ ಅಂತ ಹೊಡೆದು, ಮೊದಲ ಸಾಲಿನಲ್ಲಿ ಬಂದದ್ದನ್ನು ಒತ್ತಿ, ಮುಂದಿನ ಫೈಲಿಗೆ ಹೋಗಿಬಿಡುತ್ತಾರೆ. ಕೋಡ್ ಏನೋ ಬೀಳುತ್ತದೆ. ಆದರೆ ಅದು ಬಹಳ ಸಲ ಬಿ49 ಆಗಿರುತ್ತದೆ, ಅಂದರೆ 'ಯಾವುದೋ ಒಂದು ಫಂಗಸ್, ಎಲ್ಲಿ ಅಂತ ಗೊತ್ತಿಲ್ಲ'. ತೊಡೆಸಂದಿಯಲ್ಲಿ ದುಂಡಗೆ ಕೆಂಪು ಮಚ್ಚೆ ಇದೆ ಅಂತ ಅದೇ ಹಾಳೆಯ ಮೇಲಿನ ಅರ್ಧದಲ್ಲಿ ಬರೆದಿದ್ದರೂ!

ಈ ಲೇಖನ ಎರಡು ಥರದ ಓದುಗರಿಗೆ. ಒಂದು, ನಮ್ಮ ಆಸ್ಪತ್ರೆಗಳ ಮೆಡಿಕಲ್ ರೆಕಾರ್ಡ್ಸ್ ವಿಭಾಗದಲ್ಲಿ ಕೂತು ಕೋಡ್ ಹಾಕುವವರು. ಇನ್ನೊಂದು, ಬೆಂಗಳೂರಿನ ಆಫೀಸುಗಳಲ್ಲಿ ಕೂತು ಅಮೆರಿಕದ ಚಾರ್ಟ್, ಅಂದರೆ ಅಲ್ಲಿನ ರೋಗಿಗಳ ದಾಖಲೆ, ಓದಿ ಕೋಡ್ ಹಾಕುವವರು. ಚರ್ಮದ ಫಂಗಸ್ ಕೋಡಿಂಗ್ ಅಂದ್ರೆ ಎರಡೇ ಪ್ರಶ್ನೆ: ಯಾವ ಗುಂಪಿನ ಫಂಗಸ್, ಮೈಮೇಲೆ ಯಾವ ಜಾಗ. ಎರಡಕ್ಕೂ ಉತ್ತರ ಡಾಕ್ಟರ ಬರಹದಲ್ಲೇ ಇರಬೇಕು. ನಿಮ್ಮ ಊಹೆಯಲ್ಲಿ ಅಲ್ಲ, ನಿಮ್ಮ ಫೋನಿನ ಗೂಗಲ್‌ನಲ್ಲಿ ಅಂತೂ ಅಲ್ಲವೇ ಅಲ್ಲ.

ಮೊದಲು, ಕೈಯಲ್ಲಿರುವ ಪುಸ್ತಕ ಯಾವುದು ನೋಡಿಕೊಳ್ಳಿ

ಭಾರತದ ಆಸ್ಪತ್ರೆಗಳಲ್ಲಿ ನಡೆಯುವುದು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10. ಆರೋಗ್ಯ ವಿಮೆಯ ಕ್ಲೇಮ್ ಫಾರಂ ತೆಗೆದು ನೋಡಿ, ಆಸ್ಪತ್ರೆಯವರು ತುಂಬುವ 'ಬಿ' ಭಾಗದಲ್ಲಿ ಐಸಿಡಿ-10 ಕೋಡಿಗೆ ಅಂತಲೇ ಜಾಗ ಇದೆ. ಅಮೆರಿಕದ ಚಾರ್ಟುಗಳಿಗೆ ಐಸಿಡಿ-10-ಸಿಎಂ, ಅಂದರೆ ಅದೇ ಪಟ್ಟಿಯ ಅಮೆರಿಕದ ಆವೃತ್ತಿ. ಮುಂದೆ ಬರೀ ಸಿಎಂ ಅಂತೀನಿ. ಅದು ಅಲ್ಲಿ 2015ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ, ಮತ್ತು ಪ್ರತಿ ವರ್ಷ ಅದೇ ಅಕ್ಟೋಬರ್ 1ಕ್ಕೆ ಹೊಸ ತಿದ್ದುಪಡಿ ಬರುತ್ತದೆ.

ಒಳ್ಳೆಯ ಸುದ್ದಿ ಏನಂದ್ರೆ, ಹುಳುಕಡ್ಡಿಯ ಮಟ್ಟಿಗೆ ಎರಡೂ ಪುಸ್ತಕದ ಕೋಡ್ ಒಂದೇ. ಬಿ35.4 ಅಂದರೆ ಇಲ್ಲೂ ಬಿ35.4, ಅಲ್ಲೂ ಬಿ35.4. ಎಡ-ಬಲ ಅಂತ ಬೇರೆ ಬೇರೆ ಅಂಕಿ ಇಲ್ಲ, ಏಳನೇ ಅಕ್ಷರದ ಕಾಟ ಇಲ್ಲ. ಬೇರೆ ಆಗುವುದು ನಿಯಮಗಳು. ಅದಕ್ಕೆ ಆಮೇಲೆ ಬರ್ತೀನಿ.

ಗುಂಪು ಯಾವುದು?

ಚರ್ಮದ ಮೇಲ್ಪದರದ ಫಂಗಸ್‌ಗೆ ಮೂರು ಮನೆ ಇವೆ: ಬಿ35, ಬಿ36, ಬಿ37.

ಬಿ35 ಡರ್ಮಟೋಫೈಟ್‌ಗಳಿಗೆ. ಟ್ರೈಕೊಫೈಟಾನ್, ಮೈಕ್ರೋಸ್ಪೋರಮ್, ಎಪಿಡರ್ಮೊಫೈಟಾನ್ ಅನ್ನುವ ಮೂರು ಕುಲದ ಫಂಗಸ್ ಇವು. ಚರ್ಮ, ಕೂದಲು, ಉಗುರಿನಲ್ಲಿರುವ ಕೆರಾಟಿನ್ ತಿಂದು ಬದುಕುತ್ತವೆ. ನಾವು ಹುಳುಕಡ್ಡಿ, ಗಜಕರ್ಣ ಅನ್ನುವುದು ಇದನ್ನೇ. ಡಾಕ್ಟರು 'ಟೀನಿಯಾ' ಅಂತ ಬರೆದರೆ ಸಾಮಾನ್ಯವಾಗಿ ಇಲ್ಲಿಗೆ ಬರಬೇಕು.

ಸಾಮಾನ್ಯವಾಗಿ ಅಂದೆ, ಯಾವಾಗಲೂ ಅನ್ನಲಿಲ್ಲ. ಟೀನಿಯಾ ವರ್ಸಿಕಲರ್ ಡರ್ಮಟೋಫೈಟ್ ಅಲ್ಲ, ಮಲಸೇಜಿಯಾ ಅನ್ನುವ ಯೀಸ್ಟಿನ ಕೆಲಸ. ಎದೆ, ಬೆನ್ನಿನ ಮೇಲೆ ಬಿಳಿ ಅಥವಾ ಕಂದು ಚಿಬ್ಬು ಬರುತ್ತದಲ್ಲ, ಅದು. ಅದರ ಕೋಡ್ ಬಿ36.0. ಟೀನಿಯಾ ನೈಗ್ರಾ ಬಿ36.1. ಇನ್ನೂ ಮಜಾ ಅಂದ್ರೆ ಟೀನಿಯಾ ಅಮಿಯಾಂಟೇಸಿಯಾ. ನೆತ್ತಿಯ ಮೇಲೆ ದಪ್ಪ ಹೊಟ್ಟು ಕೂದಲಿಗೆ ಅಂಟಿಕೊಳ್ಳುವ ಸಮಸ್ಯೆ ಅದು, ಫಂಗಸ್ ರೋಗವೇ ಅಲ್ಲ. ಸಿಎಂ ಸೂಚಿಯಲ್ಲಿ, ಅಂದರೆ ಕಾಯಿಲೆಯ ಹೆಸರು ಹಿಡಿದು ಕೋಡ್ ಹುಡುಕುವ ಅಕಾರಾದಿ ಪಟ್ಟಿಯಲ್ಲಿ, ನೇರ ಎಲ್44.8ಕ್ಕೆ ಕಳಿಸುತ್ತಾರೆ. ಹೆಸರಿನಲ್ಲಿ ಟೀನಿಯಾ ಇದೆ ಅಂತ ಬಿ35.0 ಹಾಕಿದರೆ ಆಡಿಟ್‌ನಲ್ಲಿ ಸಿಕ್ಕಿಬೀಳ್ತೀರಿ.

ಬಿ37 ಕ್ಯಾಂಡಿಡಾ ಅನ್ನುವ ಯೀಸ್ಟಿಗೆ. ಚರ್ಮ ಮತ್ತು ಉಗುರಿನ ಕ್ಯಾಂಡಿಡಾ ಬಿ37.2. ಸ್ತನದ ಕೆಳಗೆ, ಹೊಟ್ಟೆಯ ಮಡಿಕೆಯಲ್ಲಿ, ಸದಾ ನೀರಲ್ಲಿ ಕೈಯಿಟ್ಟು ಕೆಲಸ ಮಾಡುವವರ ಉಗುರಿನ ಬುಡದಲ್ಲಿ ಬರುವಂಥದ್ದು. ಮಗುವಿನ ಡಯಾಪರ್ ದದ್ದು ಬೇರೆ, ಅದು ಎಲ್22. ಡಯಾಪರ್ ದದ್ದಿನ ಮೇಲೆ ಕ್ಯಾಂಡಿಡಾ ಕೂಡ ಕೂತಿದೆ ಅಂತ ಡಾಕ್ಟರು ಬರೆದಿದ್ದರೆ ಸಿಎಂನಲ್ಲಿ ಎರಡನ್ನೂ ಹಾಕಬಹುದು. ಬಿ37.2ರ ಕೆಳಗಿರುವ ಟಿಪ್ಪಣಿ ಎರಡನೇ ಬಗೆಯ ಎಕ್ಸ್‌ಕ್ಲೂಡ್ಸ್, ಅಂದರೆ 'ಇದು ಈ ಕೋಡಿನಲ್ಲಿ ಸೇರಿಲ್ಲ' ಅನ್ನುವ ಸೂಚನೆ. ಅದು ಜೊತೆಗೆ ಹಾಕುವುದನ್ನು ತಡೆಯುವುದಿಲ್ಲ.

ಜಾಗ ಯಾವುದು?

ಗುಂಪು ಬಿ35 ಅಂತ ಗಟ್ಟಿಯಾದ ಮೇಲೆ ಚುಕ್ಕಿಯ ನಂತರದ ಅಂಕಿಯನ್ನು ನಿರ್ಧರಿಸುವುದು ಮೈಯ ಜಾಗ. ತಲೆ ಮತ್ತು ಗಡ್ಡ ಬಿ35.0. ಮಕ್ಕಳ ತಲೆಯಲ್ಲಿ ಕೀವು ತುಂಬಿ ಊದಿಕೊಳ್ಳುವ ಕೀರಿಯಾನ್ ಕೂಡ ಇಲ್ಲೇ. ಉಗುರು ಬಿ35.1, ಕೈ ಬಿ35.2, ಪಾದ ಬಿ35.3, ಮೈ ಬಿ35.4, ತೊಡೆಸಂದಿ ಬಿ35.6.

ಬಿ35.5 ಎಲ್ಲಿ ಹೋಯಿತು ಅಂತ ಕೇಳಬಹುದು. ಅದು ಟೀನಿಯಾ ಇಂಬ್ರಿಕೇಟಾ, ಮೈತುಂಬ ಉಂಗುರದೊಳಗೆ ಉಂಗುರ ಬಿಡಿಸಿದಂತೆ ಕಾಣುವ ಕಾಯಿಲೆ. ಪೆಸಿಫಿಕ್ ದ್ವೀಪಗಳ ಕಡೆ ಹೆಚ್ಚು. ಪಟ್ಟಿಯಲ್ಲಿ ಟೊಕೆಲಾವ್ ಅನ್ನುವ ಹೆಸರೂ ಇದೆ. ನಿಮ್ಮ ಫೈಲಿನಲ್ಲಿ ಈ ಕೋಡ್ ಬಿದ್ದಿದ್ದರೆ, ಬಹುಶಃ ಯಾರೋ 5 ಮತ್ತು 6ರ ಮಧ್ಯೆ ಬೆರಳು ಜಾರಿಸಿದ್ದಾರೆ.

ಬಿ35.6ರ ಕೆಳಗೆ ಐಸಿಡಿ ಪುಸ್ತಕದಲ್ಲೇ 'ಧೋಬಿ ಇಚ್' ಅಂತ ಅಚ್ಚಾಗಿದೆ. ಅಗಸನ ತುರಿಕೆ! ಬ್ರಿಟಿಷರ ಕಾಲದ ಮಾತು. ಬಟ್ಟೆ ಒಗೆದವನ ಮೇಲೆ ತಪ್ಪು ಹಾಕಿದ ಈ ಹೆಸರು ಜಿನೀವಾದ ಪಟ್ಟಿಯವರೆಗೂ ಹೋಗಿ ಕೂತಿದೆ. ಹಳೆಯ ಡಾಕ್ಟರುಗಳು ಈಗಲೂ ಹಾಗೇ ಬರೆಯುವುದುಂಟು, ಆದ್ದರಿಂದ ನೆನಪಿಡಿ.

ಕೆಲವು ಜಾಗಗಳು ಗೊಂದಲ ಮಾಡುತ್ತವೆ. ಗುದದ ಸುತ್ತಲಿನ ಸೋಂಕನ್ನು ಮೈ ಅಂತ ಲೆಕ್ಕ ಹಾಕಬೇಡಿ, ಸಿಎಂ ಸೂಚಿ ಅದನ್ನು ಬಿ35.6ಕ್ಕೆ ಕಳಿಸುತ್ತದೆ. ಮುಖಕ್ಕೆ ಸ್ವಂತ ಅಂಕಿ ಇಲ್ಲ. ಟೀನಿಯಾ ಫೇಸಿಯೈ ಅಂತ ಬಂದರೆ ಎಷ್ಟೋ ಜನ ಬಿ35.4 ಹಾಕುತ್ತಾರೆ, ಆದರೆ ಸೂಚಿಯಲ್ಲಿ 'ಹೆಸರಿಸಿದ ಇತರ ಜಾಗ' ಅನ್ನುವ ಸಾಲು ಬಿ35.8ಕ್ಕೆ ಕೈ ತೋರಿಸುತ್ತದೆ. ನಾನು ಸೂಚಿಯ ಕಡೆ. ಗಡ್ಡದ ಭಾಗದಲ್ಲಿ ಕೂದಲ ಬುಡಕ್ಕೇ ಹತ್ತಿದ್ದು, ಡಾಕ್ಟರು ಬಾರ್ಬೇ ಅಂತ ಬರೆದಿದ್ದರೆ ಮಾತ್ರ ಬಿ35.0.

ಎರಡು ಜಾಗ ಇದ್ದರೆ ಎರಡು ಕೋಡ್. ನಮ್ಮ ಚರ್ಮರೋಗ ಓಪಿಡಿಗಳಲ್ಲಿ ತುಂಬ ಸಾಮಾನ್ಯವಾಗಿ ಕಾಣುವ ಸಾಲು 'ಟೀನಿಯಾ ಕಾರ್ಪೊರಿಸ್ ಎಟ್ ಕ್ರೂರಿಸ್'. ಸೊಂಟದ ಸುತ್ತ, ತೊಡೆಸಂದಿ, ಎರಡೂ ಕಡೆ. ಬಿ35.4 ಒಂದು, ಬಿ35.6 ಒಂದು. ಎರಡು ಬರೆಯಲು ಸೋಮಾರಿತನ ಆಗಿ ಬಿ35.8 ಅಥವಾ ಬಿ35.9 ಹಾಕುವವರಿದ್ದಾರೆ. ಬಿ35.8ರ ಕೆಳಗೆ ಬರುವುದು ಮೈತುಂಬ ಹರಡಿದ, ಅಂದರೆ ಡಿಸ್ಸೆಮಿನೇಟೆಡ್ ಅಂತ ಡಾಕ್ಟರೇ ಬರೆದದ್ದು, ಗ್ರ್ಯಾನ್ಯುಲೊಮಾ (ಉರಿಯೂತದ ಗಂಟು) ಆದದ್ದು, ಇಂಥವು. ಎರಡು ಜಾಗ ಅಂದ ಮಾತ್ರಕ್ಕೆ ಡಿಸ್ಸೆಮಿನೇಟೆಡ್ ಆಗುವುದಿಲ್ಲ.

ಉಗುರಿನ ವಿಷಯದಲ್ಲಿ ಒಂದು ಕವಲು ಇದೆ. ಸುಮ್ನೆ ಒನಿಕೋಮೈಕೋಸಿಸ್ ಅಂತ ಇದ್ದರೆ ಬಿ35.1. ಕ್ಯಾಂಡಿಡಾದಿಂದ ಆದದ್ದು ಅಂತ ಇದ್ದರೆ ಬಿ37.2.

ಇನ್ನು ಬರೀ 'ಫಂಗಲ್ ಇನ್‌ಫೆಕ್ಷನ್' ಇದ್ದಾಗ ಏನು ಮಾಡೋದು? ಸಾಫ್ಟ್‌ವೇರಿನ ಹುಡುಕಾಟ ಬಿಟ್ಟು ಸೂಚಿ ತೆರೆಯಿರಿ. 'ಸೋಂಕು, ಫಂಗಸ್' ಅನ್ನುವ ಸಾಲಿನ ಕೆಳಗೆ ಸಿಎಂನಲ್ಲಿ ಜಾಗಗಳ ಪಟ್ಟಿಯೇ ಇದೆ: ಪಾದ ಅಂದರೆ ಬಿ35.3, ತೊಡೆಸಂದಿ ಅಂದರೆ ಬಿ35.6, ಉಗುರು ಅಂದರೆ ಬಿ35.1, ಬರೀ ಚರ್ಮ ಅಂದರೆ ಬಿ36.9. ಏನೂ ಇಲ್ಲದಿದ್ದರೆ ಮಾತ್ರ ಬಿ49. ಅಂದರೆ ಡಾಕ್ಟರು ಟೀನಿಯಾ ಅನ್ನುವ ಪದ ಬಳಸದೇ ಇದ್ದರೂ 'ಪಾದದ ಫಂಗಸ್' ಅಂದರೆ ಸಾಕು, ಕೋಡ್ ಸಿಗುತ್ತದೆ. ಸೂಚಿಯಲ್ಲಿ ಹುಡುಕಿ, ಆಮೇಲೆ ಕೋಡ್ ಪಟ್ಟಿಯಲ್ಲಿ ಸರಿ ನೋಡಿ. ಈ ಎರಡನೇ ಕೆಲಸ ಯಾರೂ ಮಾಡುವುದಿಲ್ಲ, ಅಲ್ವಾ? ಎಕ್ಸ್‌ಕ್ಲೂಡ್ಸ್ ಟಿಪ್ಪಣಿ ಇರುವುದೇ ಅಲ್ಲಿ.

ಎರಡಕ್ಷರದ ಬಲೆ

ನನ್ನನ್ನು ಕೇಳಿದರೆ ಈ ಕೆಲಸದಲ್ಲಿ ಜಾಸ್ತಿ ತಪ್ಪು ಆಗುವುದು ಇಲ್ಲೇ. ಡಾಕ್ಟರಿಗೆ ಟೈಮ್ ಇಲ್ಲ, ಹೆಸರು ಮೊಟಕಾಗುತ್ತದೆ.

'ಟಿ.ಸಿ.' ಅಂತ ಇದೆ ಅಂದುಕೊಳ್ಳಿ. ತಲೆಯ ಕ್ಯಾಪಿಟಿಸ್ಸಾ? ಮೈಯ ಕಾರ್ಪೊರಿಸ್ಸಾ? ತೊಡೆಸಂದಿಯ ಕ್ರೂರಿಸ್ಸಾ? ಮೂರಕ್ಕೂ ಮೊದಲಕ್ಷರ ಒಂದೇ, ಕೋಡ್ ಮಾತ್ರ ಮೂರು. ಪರೀಕ್ಷೆಯ ಭಾಗದಲ್ಲಿ ಜಾಗ ಬರೆದಿದ್ದರೆ ಉತ್ತರ ಸಿಗುತ್ತದೆ, ಇಲ್ಲದಿದ್ದರೆ ಡಾಕ್ಟರನ್ನೇ ಕೇಳಬೇಕು. 'ಪಿ.ವಿ.' ಇನ್ನೂ ಅಪಾಯದ್ದು. ಪಿಟಿರಿಯಾಸಿಸ್ ವರ್ಸಿಕಲರ್ ಆದರೆ ಬಿ36.0, ಸುಮ್ನೆ ಚಿಬ್ಬು, ಹಚ್ಚುವ ಮದ್ದಿಗೆ ಹೋಗುತ್ತದೆ. ಅದೇ ಎರಡಕ್ಷರ ಪೆಂಫಿಗಸ್ ವಲ್ಗಾರಿಸ್ಸಿಗೂ ಬಳಸುತ್ತಾರೆ. ಅದು ಎಲ್10.0, ಮೈಮೇಲೆ ಗುಳ್ಳೆ ಎದ್ದು ಚರ್ಮ ಸುಲಿದು ಜೀವಕ್ಕೇ ಕುತ್ತು ತರಬಹುದಾದ ಕಾಯಿಲೆ. ವಿಮೆಯವನ ಕಣ್ಣಿಗೆ ಎರಡರ ಮಧ್ಯೆ ಇರುವ ಅಂತರ ಎಷ್ಟು ಅಂತ ನೀವೇ ಯೋಚಿಸಿ. 'ಪಿ.ಆರ್.' ಪಿಟಿರಿಯಾಸಿಸ್ ರೋಸಿಯಾ, ಎಲ್42, ಫಂಗಸ್‌ಗೂ ಅದಕ್ಕೂ ಸಂಬಂಧ ಇಲ್ಲ. 'ಓ.ಎಂ.' ಉಗುರಿನ ಫಂಗಸ್ ಇರಬಹುದು, ಕಿವಿಯ ಸೋಂಕೂ ಇರಬಹುದು.

ಮದ್ದಿನ ಚೀಟಿ ನೋಡಿ ಕಾಯಿಲೆ ಊಹಿಸುವ ಚಾಳಿ ಬೇಡ. ಇಟ್ರಾಕೊನಜೋಲ್ ಕೊಟ್ಟಿದ್ದಾರೆ ಅಂದರೆ ಫಂಗಸ್ ಅಂತ ನಿಮಗೆ ಸುಳಿವು ಸಿಕ್ಕಿತು ಅಷ್ಟೇ. ಸುಳಿವು ಹಿಡಿದುಕೊಂಡು ಡಾಕ್ಟರಿಗೆ ಪ್ರಶ್ನೆ ಬರೆಯಬಹುದು, ಕೋಡ್ ಬರೆಯುವ ಹಾಗಿಲ್ಲ.

ನರ್ಸ್ ಬರೆದ ರೋಗಿಯ ಮಾತಿಗೂ ಇದೇ ನಿಯಮ. ರೋಗಿ 'ಕಜ್ಜಿ' ಅಂದಿರುತ್ತಾರೆ, ಡಾಕ್ಟರು ನೋಡಿದಾಗ ಕಾರ್ಪೊರಿಸ್ ಇರುತ್ತದೆ. 'ಇಸಬು' ಅಂದಿರುತ್ತಾರೆ, ಅದು ಪಾದದ ಟೀನಿಯಾ ಆಗಿರುತ್ತದೆ. ಗದ್ದೆಯಲ್ಲಿ ನಾಟಿ ಮಾಡಿ ಬಂದವರ ಬೆರಳ ಸಂದಿಯ ಕೆಸರುಹುಣ್ಣು ಡರ್ಮಟೋಫೈಟ್ ಇರಬಹುದು, ಕ್ಯಾಂಡಿಡಾ ಇರಬಹುದು, ಬ್ಯಾಕ್ಟೀರಿಯಾ ಇರಬಹುದು. ತೊಡೆಸಂದಿಯಲ್ಲಿ ಕಂದು ಮಚ್ಚೆ ಇದ್ದ ಮಾತ್ರಕ್ಕೆ ಕ್ರೂರಿಸ್ ಅಲ್ಲ. ಎರಿತ್ರಾಸ್ಮಾ ಅನ್ನುವ ಬ್ಯಾಕ್ಟೀರಿಯಾ ಸೋಂಕೂ ಹಾಗೇ ಕಾಣುತ್ತದೆ, ವುಡ್ಸ್ ಲ್ಯಾಂಪ್ ಅನ್ನುವ ನೇರಳಾತೀತ ದೀಪದಲ್ಲಿ ಹವಳದ ಬಣ್ಣ ಹೊಳೆಯುತ್ತದೆ, ಕೋಡ್ ಎಲ್08.1.

'ಇರಬಹುದು' ಅಂತ ಬರೆದಿದ್ದರೆ

ಇಲ್ಲಿ ಎರಡು ಪುಸ್ತಕದ ದಾರಿ ಬೇರೆಯಾಗುತ್ತದೆ. ಅಮೆರಿಕದ ಹೊರರೋಗಿ ಚಾರ್ಟಿನಲ್ಲಿ 'ಪ್ರಾಬಬಲ್ ಟೀನಿಯಾ', 'ರೂಲ್ ಔಟ್ ಟೀನಿಯಾ', ಪ್ರಶ್ನಾರ್ಥಕ ಚಿಹ್ನೆ ಹಾಕಿದ ಟೀನಿಯಾ, ಯಾವುದಿದ್ದರೂ ಟೀನಿಯಾದ ಕೋಡ್ ಹಾಕಬಾರದು. ಲಕ್ಷಣವನ್ನು ಕೋಡ್ ಮಾಡಿ: ದದ್ದಿಗೆ ಆರ್21, ತುರಿಕೆಗೆ ಎಲ್29.9. ಅದೇ ಅಮೆರಿಕದಲ್ಲಿ ಒಳರೋಗಿಯಾಗಿ ಸೇರಿ, ಬಿಡುಗಡೆಯ ಹೊತ್ತಿಗೂ 'ಪ್ರಾಬಬಲ್' ಅಂತಲೇ ಉಳಿದಿದ್ದರೆ ಕಾಯಿಲೆ ಇದೆ ಅಂತಲೇ ಹಾಕುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪುಸ್ತಕದಲ್ಲೂ, ಚಿಕಿತ್ಸೆ ಮುಗಿದಾಗ ಶಂಕೆಯೇ ಉಳಿದು ಬೇರೆ ಮಾಹಿತಿ ಇಲ್ಲದಿದ್ದರೆ, ಶಂಕಿಸಿದ ಕಾಯಿಲೆಯನ್ನೇ ಕೋಡ್ ಮಾಡಬೇಕು.

ಲ್ಯಾಬ್ ಚೀಟಿಯ ಬಗ್ಗೆ ಒಂದು ಮಾತು. ಚರ್ಮ ಕೆರೆದು ಕೆಓಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರಲ್ಲ, ಅದರಲ್ಲಿ 'ಫಂಗಲ್ ಎಳೆಗಳು ಕಂಡವು' ಅಂತ ಬಂದರೂ ಅದೊಂದನ್ನೇ ನೋಡಿ ಕೋಡ್ ಹಾಕಬೇಡಿ. ಚಿಕಿತ್ಸೆ ಮಾಡುವ ಡಾಕ್ಟರು ಅದನ್ನು ಓದಿ ಕಾಯಿಲೆಯ ಹೆಸರು ಬರೆಯಬೇಕು. ಉಲ್ಟಾ ಕೂಡ ನಿಜ: ಪರೀಕ್ಷೆಯೇ ಮಾಡಿಸದೆ, ಕಣ್ಣಲ್ಲೇ ನೋಡಿ 'ಟೀನಿಯಾ ಕಾರ್ಪೊರಿಸ್' ಅಂತ ಗಟ್ಟಿಯಾಗಿ ಬರೆದಿದ್ದರೆ ಕೋಡಿಗೆ ಅಷ್ಟು ಸಾಕು.

ಜೊತೆಗೆ ಬರುವ ಕೋಡುಗಳು

ಬರೀ ಹುಳುಕಡ್ಡಿಗೆ ಅಂತ ಯಾರೂ ಆಸ್ಪತ್ರೆಯಲ್ಲಿ ಮಲಗುವುದಿಲ್ಲ. ಆದ್ದರಿಂದ ಒಳರೋಗಿಯ ಫೈಲಿನಲ್ಲಿ ಬಿ35 ಮೊದಲ ಸಾಲಿನಲ್ಲಿ ಕಂಡರೆ ಒಮ್ಮೆ ನಿಂತು ನೋಡಿ. ಸಾಮಾನ್ಯ ಕಥೆ ಹೀಗಿರುತ್ತದೆ: ಬೆರಳ ಸಂದಿಯಲ್ಲಿ ಫಂಗಸ್, ಚರ್ಮ ಬಿರಿದು ಅಲ್ಲಿಂದ ಬ್ಯಾಕ್ಟೀರಿಯಾ ಒಳಗೆ ಹೋಗಿ ಕಾಲು ಊದಿಕೊಂಡು ಸೆಲ್ಯುಲೈಟಿಸ್ (ಚರ್ಮದ ಒಳಪದರದ ಸೋಂಕು), ಜ್ವರ, ಅಡ್ಮಿಷನ್. ಸೇರಿಸಿದ್ದು ಸೆಲ್ಯುಲೈಟಿಸ್‌ಗೆ. ಅದು ಮೊದಲು, ಎಲ್03ರ ಗುಂಪು. ಸಿಎಂ ಆದರೆ ಇಲ್ಲಿ ಎಡ-ಬಲ ಬೇಕು, ಬಲಗಾಲಿಗೆ ಎಲ್03.115. ಬಿ35.3 ಎರಡನೆಯದು. ತುರಿಸಿ ತುರಿಸಿ ಮೇಲೆ ಕೀವಿನ ಹಕ್ಕಳೆ ಕಟ್ಟಿ, ಇಂಪೆಟಿಜಿನೈಸ್ಡ್ ಅಂತ ಡಾಕ್ಟರು ಬರೆದಿದ್ದರೆ ಎಲ್01.1 ಸೇರಿಸಿ.

ಸಕ್ಕರೆ ಕಾಯಿಲೆ ಇದ್ದವರ ವಿಷಯದಲ್ಲಿ ಸಿಎಂ ಕೋಡರ್‌ಗಳು ಜಗಳ ಆಡುವುದನ್ನು ನೋಡಬೇಕು. ಇ11.628, ಅಂದರೆ ಟೈಪ್ 2 ಡಯಾಬಿಟಿಸ್ ಜೊತೆ ಇತರ ಚರ್ಮದ ತೊಂದರೆ, ಅದನ್ನು ಪಾದದ ಫಂಗಸ್ ಕಂಡ ಕೂಡಲೇ ಹಾಕಿಬಿಡಬಹುದಾ? ಬೇಡ. ಸೂಚಿಯ 'ಜೊತೆ' (ವಿತ್) ಅನ್ನುವ ಪದ ತಾನಾಗಿ ಸಂಬಂಧ ಕಟ್ಟುವುದು ಸೂಚಿಯಲ್ಲಿ ಹೆಸರಿಟ್ಟು ಹೇಳಿದ ಕಾಯಿಲೆಗಳಿಗೆ. 'ಇತರ' ಅನ್ನುವ ಗೋಣಿಚೀಲದ ಕೋಡಿಗೆ ಡಾಕ್ಟರೇ ಸಂಬಂಧ ಬರೆದಿರಬೇಕು. ಬರೆದಿಲ್ಲ, ಬೇರೆ ತೊಡಕೂ ಇಲ್ಲ ಅಂದ್ರೆ ಇ11.9 ಮತ್ತು ಬಿ35.3 ಬೇರೆ ಬೇರೆ.

ಬಸುರಿಯಾದರೆ ಗರ್ಭದ ಅಧ್ಯಾಯದ ಕೋಡ್ ಮೊದಲು ಬರುತ್ತದೆ, ಓ98.8ರ ಗುಂಪು, ಆಮೇಲೆ ಬಿ35. ಎಚ್‌ಐವಿ ಇದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಪುಸ್ತಕದಲ್ಲಿ ಅದರಿಂದಾದ ಕ್ಯಾಂಡಿಡಾಗೆ ಬಿ20.4, ಇತರ ಫಂಗಸ್‌ಗೆ ಬಿ20.5 ಅಂತ ಇವೆ. ಸಿಎಂನಲ್ಲಿ ಬಿ20ಕ್ಕೆ ಬಾಲ ಇಲ್ಲ, ಜೊತೆಗೆ ಸೋಂಕಿನ ಕೋಡ್ ಬೇರೆ ಹಾಕಬೇಕು.

ಈಗ ನಮ್ಮ ದೇಶದ ದೊಡ್ಡ ತಲೆನೋವಿಗೆ ಬರೋಣ. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಕೈಗೆ ಸಿಗುವ ಮಿಶ್ರಣದ ಕ್ರೀಮುಗಳು, ಒಂದೇ ಟ್ಯೂಬಿನಲ್ಲಿ ಫಂಗಸ್ ಮದ್ದು, ಆ್ಯಂಟಿಬಯಾಟಿಕ್, ಮೇಲೆ ಕ್ಲೊಬೆಟಸಾಲ್‌ನಂಥ ಜೋರು ಸ್ಟಿರಾಯ್ಡ್. ಹಚ್ಚಿದಾಗ ತುರಿಕೆ ನಿಲ್ಲುತ್ತದೆ, ಫಂಗಸ್ ಹಾಯಾಗಿ ಹರಡುತ್ತದೆ, ಉಂಗುರದ ಆಕಾರವೂ ಅಳಿಸಿಹೋಗುತ್ತದೆ. ಡಾಕ್ಟರು 'ಟೀನಿಯಾ ಇನ್‌ಕಾಗ್ನಿಟೊ' ಅಂತ ಬರೆಯುತ್ತಾರೆ. ಐಸಿಡಿ-10ರಲ್ಲಿ ಇದಕ್ಕೆ ಸ್ವಂತ ಕೋಡ್ ಇಲ್ಲ, ಜಾಗ ನೋಡಿ ಬಿ35ರ ಅಂಕಿ ಹಾಕಿ. ತೊಡೆಯ ಮೇಲೆ ಚರ್ಮ ಹರಿದಂತೆ ಗೆರೆ ಬಿದ್ದಿದ್ದರೆ, ಅದನ್ನೂ ಡಾಕ್ಟರು ಬರೆದಿದ್ದರೆ, ಎಲ್90.6. ಅದು ಕ್ರೀಮಿನಿಂದಲೇ ಆದದ್ದು ಅಂತ ಬರೆದಿದ್ದರೆ ಸಿಎಂನಲ್ಲಿ ಟಿ49.0ಎಕ್ಸ್5ಎ, ವಿಶ್ವ ಆರೋಗ್ಯ ಸಂಸ್ಥೆಯ ಪುಸ್ತಕದಲ್ಲಿ ವೈ56.0 ಜೊತೆಗೆ ಬರುತ್ತದೆ. ಒಂದು ಎಚ್ಚರ: ಸಿಎಂನ ಈ ಕೋಡ್ ಮದ್ದನ್ನು ಹೇಳಿದ ಹಾಗೆ ಬಳಸಿಯೂ ಅಡ್ಡಪರಿಣಾಮ ಆದಾಗ. ರೋಗಿ ತಾನೇ ಕೊಂಡು ಮನಸ್ಸಿಗೆ ಬಂದಷ್ಟು ಹಚ್ಚಿದ್ದರೆ ವಿಷಯ ಬೇರೆ, ನೀವೇ ತೀರ್ಮಾನಿಸಬೇಡಿ, ಡಾಕ್ಟರಿಗೆ ಕ್ವೆರಿ (ಲಿಖಿತ ಪ್ರಶ್ನೆ) ಹಾಕಿ.

ಮದ್ದಿಗೆ ಬಗ್ಗದ ಹುಳುಕಡ್ಡಿಯೂ ಈಗ ಚಾರ್ಟಿನಲ್ಲಿ ಕಾಣುತ್ತದೆ. ಟ್ರೈಕೊಫೈಟಾನ್ ಇಂಡೊಟಿನಿಯೇ ಅಂತ 2020ರಲ್ಲಿ ಹೆಸರಿಟ್ಟ ಜಾತಿ ಇದು. ಟರ್ಬಿನಫೈನ್ ಅನ್ನುವ ಫಂಗಸ್ ಮದ್ದಿಗೆ ಹಲವು ಸಲ ಜಗ್ಗುವುದಿಲ್ಲ. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ರೋಗಿಗಳ ವರದಿ ಬಂದ ಮೇಲೆ ಅಮೆರಿಕದ ಡಾಕ್ಟರುಗಳೂ ಈ ಹೆಸರು ಬರೆಯುತ್ತಿದ್ದಾರೆ. ಜಾತಿಗೆ ಬೇರೆ ಕೋಡ್ ಇಲ್ಲ, ಜಾಗದ ಕೋಡೇ. ಫಂಗಸ್ ಮದ್ದಿಗೆ ಪ್ರತಿರೋಧ ಇದೆ ಅಂತ ಡಾಕ್ಟರು ಸ್ಪಷ್ಟವಾಗಿ ಬರೆದಿದ್ದರೆ ಸಿಎಂನಲ್ಲಿ ಝಡ್16.32 ಎರಡನೆಯದಾಗಿ ಸೇರಿಸಿ. 'ಮಾತ್ರೆ ತಗೊಂಡ್ರೂ ವಾಸಿಯಾಗಿಲ್ಲ' ಅನ್ನುವುದು ಪ್ರತಿರೋಧ ಅಲ್ಲ. ಅರ್ಧಕ್ಕೇ ಬಿಟ್ಟಿರಬಹುದು, ಮನೆಯವರಿಂದ ಮತ್ತೆ ಹತ್ತಿರಬಹುದು.

ಒಂದು ಹಾಳೆ ಕೋಡ್ ಮಾಡಿ ನೋಡೋಣ

ಕಲ್ಪನೆಯ ಚಾರ್ಟು, ಅಮೆರಿಕದ ಹೊರರೋಗಿ. 'ಸೊಂಟ ಮತ್ತು ತೊಡೆಸಂದಿಯಲ್ಲಿ ತುರಿಕೆ. ಟೈಪ್ 2 ಡಯಾಬಿಟಿಸ್, ಹಿಡಿತದಲ್ಲಿದೆ, ಮೆಟ್‌ಫಾರ್ಮಿನ್ ಮುಂದುವರಿಸಿ. ಕೆಓಎಚ್ ಪಾಸಿಟಿವ್. ಅಭಿಪ್ರಾಯ: ಟಿ. ಕಾರ್ಪೊರಿಸ್ ಮತ್ತು ಕ್ರೂರಿಸ್. ಕಾಲುಗುರು ಹಳದಿ, ಒನಿಕೋಮೈಕೋಸಿಸ್ ಇರಬಹುದು, ಕಲ್ಚರ್ ಕಳಿಸಿದೆ.'

ಬಿ35.4, ಬಿ35.6, ಇ11.9. ಮಾತ್ರೆಯಲ್ಲೇ ಇದ್ದಾರೆ, ಆದ್ದರಿಂದ ಝಡ್79.84 ಕೂಡ. ತುರಿಕೆಗೆ ಬೇರೆ ಕೋಡ್ ಬೇಡ, ಅದು ಟೀನಿಯಾದ ಲಕ್ಷಣವೇ. ಉಗುರಿಗೆ ಬಿ35.1 ಹಾಕಲು ಕೈ ತುರಿಸುತ್ತದೆ, ಆದರೆ 'ಇರಬಹುದು' ಅಂತ ಇದೆಯಲ್ಲ, ಹೊರರೋಗಿ ಬೇರೆ. ಉಗುರಿನ ಬಣ್ಣ ಬದಲಾವಣೆಗೆ ಎಲ್60.8 ಹಾಕಿ, ಕಲ್ಚರ್ ಬಂದು ಡಾಕ್ಟರು ಗಟ್ಟಿ ಮಾಡಿದ ಮುಂದಿನ ಭೇಟಿಗೆ ಬಿ35.1 ಕಾದಿರಲಿ. ಕೆಓಎಚ್ ಪರೀಕ್ಷೆಗೆ ಬಿಲ್ ಹಾಕುವ ಸಿಪಿಟಿ (ಕಾಯಿಲೆಗಲ್ಲ, ಮಾಡಿದ ಪರೀಕ್ಷೆ-ಚಿಕಿತ್ಸೆಗೆ ಅಮೆರಿಕದಲ್ಲಿ ಹಾಕುವ ಕೋಡ್) 87220.

ಆ ಮುಂದಿನ ಭೇಟಿಯಲ್ಲಿ ಉಗುರು ತೆಳು ಮಾಡಿದರೆ ಸಿಪಿಟಿ 11720, ಅದು ಐದು ಉಗುರಿನವರೆಗೆ. ಆರು ಅಥವಾ ಹೆಚ್ಚಾದರೆ 11721. ಆದರೆ ಅಮೆರಿಕ ಸರ್ಕಾರದ ಆರೋಗ್ಯ ವಿಮೆಯಾದ ಮೆಡಿಕೇರ್ ಬರೀ ಬಿ35.1 ನೋಡಿ ಸುಲಭಕ್ಕೆ ದುಡ್ಡು ಕೊಡುವುದಿಲ್ಲ. ನೋವಿದೆ, ನಡೆಯಲು ಕಷ್ಟ ಆಗುತ್ತಿದೆ, ಇಲ್ಲವೇ ಕಾಲಿನ ರಕ್ತಸಂಚಾರಕ್ಕೆ ತೊಂದರೆ ಮಾಡುವ ದೊಡ್ಡ ಕಾಯಿಲೆ ಇದೆ ಅಂತ ಚಾರ್ಟಿನಲ್ಲಿ ಇರಬೇಕು. ಬಲಗಾಲ ಬೆರಳಿನ ನೋವು ಎಂ79.674, ಎಡಗಾಲದ್ದು ಎಂ79.675. ಎಷ್ಟು ಉಗುರು ಅಂತ ಡಾಕ್ಟರು ಎಣಿಸಿ ಬರೆದಿಲ್ಲದಿದ್ದರೆ ನೀವು 11721 ಹಾಕುವ ಹಾಗಿಲ್ಲ. ಫೈಲು ವಾಪಸ್ ಕಳಿಸಿ.